ಚಾಪೆ ಮೇಲಿನ ಮೂರನೇ ಅತಿಥಿ

ಸ್ವಲ್ಪ ನಿಲ್ಲಿ, ಇದನ್ನ ಪೂರ್ತಿ ಕೇಳಿ, ಆಮೇಲೆ ನನ್ನನ್ನ ಬೈಯೋದಿದ್ರೆ ಬೈರಿ. ನಮ್ಮ ರಾಜಧಾನಿ ಖಾರ್ಟೂಮಲ್ಲಿ ಅವತ್ತು ಸಂಜೆ ನಮ್ಮ ಬತೂಲ್ ಚಿಕ್ಕಮ್ಮ ಮಿಲಿಟರಿ ಜೀಪಿಗೇ ಅಡ್ಡ ನಿಂತ್ಬಿಟ್ಲು.

ಸರ್ವಾಧಿಕಾರಿ ಹೋದ್ಮೇಲೆ ಕುರ್ಚೀಲಿ ಜನರಲ್‌ಗಳು ಕೂತಿದ್ರು. ಅಧಿಕಾರ ಜನಕ್ಕೆ ಬಿಟ್ಟುಕೊಡಿ ಅಂತ ನಾವು ಸೇನಾ ಕಚೇರಿ ಮುಂದಿನ ರಸ್ತೇಲೇ ಠಿಕಾಣಿ ಹೂಡಿದ್ವಿ. ಆದ್ರೆ ಚಿಕ್ಕಮ್ಮ ಅಡ್ಡ ನಿಂತಿದ್ದು ಜಗಳಕ್ಕಲ್ಲ, ಊಟಕ್ಕೆ. ರಂಜಾನ್ ಸಂಜೆ ರಸ್ತೇಲಿ ಚಾಪೆ ಹಾಸಿದ್ಮೇಲೆ, ದಾರೀಲಿ ಬಂದೋರನ್ನ ಉಪವಾಸ ಬಿಡಿಸ್ದೆ ಕಳಿಸೋದು ನಮ್ಮಲ್ಲಿ ಅವಮಾನ.

"ಇಳೀರೋ. ಹೊಡೆಯೋದಿದ್ರೂ ಉಂಡ್ಕೊಂಡು ಹೊಡೀರಿ."

ಕ್ಯಾಪ್ಟನ್ ನಗ್ತಾ ಇಳಿದ. ಮುಜಮ್ಮಿಲ್ ಅಂತೆ, ಕಸಲಾ ಊರೋನು. "ಅದಕ್ಕೇ ಹಿಂಗಿದೀಯ ಕಡ್ಡಿ ಥರ. ನಿಮ್ಮೂರಲ್ಲಿ ಕಾಫಿ ಬಿಟ್ರೆ ಇನ್ನೇನು ಕೊಡ್ತಾರೆ?" ಅಂತ ಚಿಕ್ಕಮ್ಮ ಜೋಳದ ಮುದ್ದೆ ಮುಂದಕ್ಕೆ ತಳ್ಳಿದ್ಲು. ಡ್ರೈವರೂ ಕೂತ. ಮೂರನೆಯವನು, ನಮ್ಮ ಸೇನೆ ಬಟ್ಟೇನೇ ಹಾಕಿದ್ದ, ಹಿಲುಮುರ್ ಪಾನಕ ಒಂದು ಗುಟುಕು ಕುಡಿದು ಮುಖ ಕಿವುಚಿದ.

"ಇದೇನು, ಹುಳಿ ಬಂದಿದ್ಯಾ?"

ಚಾಪೆ ಮೇಲಿದ್ದೋರೆಲ್ಲ ಆತನ ಕಡೆ ತಿರುಗಿದ್ರು. ಹಿಲುಮುರ್ ಇರೋದೇ ಹುಳಿ; ರಂಜಾನಲ್ಲಿ ಮನೆಮನೇಲೂ ಮಾಡೋ ಅದು ಗೊತ್ತಿಲ್ದೆ ಇರೋ ಮಗು ಕೂಡ ನಮ್ಮಲ್ಲಿ ಇಲ್ಲ. ಮಾತಿನ ಧಾಟಿಯೂ ನಮ್ದಲ್ಲ, ಸಮುದ್ರದಾಚೆಯಿಂದ ಜನರಲ್‌ಗಳಿಗೆ ದುಡ್ಡು ಸುರಿಯೋ ಎಣ್ಣೆ ನಾಡಿಂದು.

"ಯಾವ ಅಮ್ಮ ಹೆತ್ತ ಮಗನಪ್ಪಾ ನೀನು?" ಅಂದ್ಲು ಚಿಕ್ಕಮ್ಮ. ಆತ ಎದ್ದುಬಿಟ್ಟ. ಕ್ಯಾಪ್ಟನ್ನೂ ದಡಬಡ ಎದ್ದ.

ಅತಿಥಿಗಳ ಕೈಗೆ ನೀರು ಹಾಕೋ ಕೆಲಸ ನಂದು. ನಾನಲ್ಲಿ ಇದೀನಿ ಅನ್ನೋದೇ ಆತನಿಗೆ ಲೆಕ್ಕಕ್ಕಿಲ್ಲ. ಒದ್ದೆ ಬೆರಳಲ್ಲಿ ನೈಲ್ ನದಿ ಕಡೆ ಹೋಗೋ ಓಣಿ ತೋರಿಸ್ದ. "ಅದೊಂದು ತೆರೆದಿರ್ಲಿ. ಈ ಜನ ಓಡೋಕೆ ದಾರಿ ಬೇಕಲ್ಲ. ಮಿಕ್ಕಿದ್ದೆಲ್ಲ ಮುಚ್ಚಿ."

"ಆಗ್ಲಿ ಸರ್," ಅಂದ ಕ್ಯಾಪ್ಟನ್. ನಮ್ಮ ಕ್ಯಾಪ್ಟನ್. ನಮ್ಮ ಮುದ್ದೆ ಇನ್ನೂ ಅವನ ತುಟಿಗೆ ಅಂಟಿತ್ತು.

ಆಮೇಲೆ ಕ್ಯಾಪ್ಟನ್ ನನ್ನ ಹತ್ರ ಬಂದು ಪಿಸುಗುಟ್ಟಿದ. "ತಂಗೀ, ನಿಮ್ಮನೆ ಉಪ್ಪು ತಿಂದಿದೀನಿ. ಬೆಳಕು ಹರಿಯೋದ್ರೊಳಗೆ ಎಲ್ರನ್ನೂ ಕರ್ಕೊಂಡು ಮನೆಗೆ ಹೋಗ್ಬಿಡು." ಅಷ್ಟು ಹೇಳೋಕ್ಮುಂಚೆ ಒಂದ್ಸಲ ಆ ಮನುಷ್ಯನ ಮುಖ ನೋಡಿದ್ದ. ಆತ ಹೂಂ ಅನ್ನೋ ಥರ ರೆಪ್ಪೆ ಮುಚ್ಚಿ ತೆರೆದಿದ್ದ. ಅದನ್ನೂ ನಾನು ನೋಡ್ದೆ.

ಈ ಮಾತು ಎಲ್ರಿಗೂ ಹೇಳಿದ್ರೆ ಹೆದರಿ ರಸ್ತೆ ಖಾಲಿ, ಜನರಲ್‌ಗಳಿಗೆ ಬೇಕಾಗಿದ್ದೂ ಅದೇ. ಹೇಳ್ದೆ ಇದ್ರೆ, ಇಷ್ಟೊಂದು ಜನ ಮಲಗಿರೋವಾಗ್ಲೇ ಸೇನೆ ಮೇಲೆ ಬೀಳುತ್ತೆ.

ಜೀಪು ಹೋಯ್ತು. ಚಿಕ್ಕಮ್ಮ ಚಾಪೆ ಕೊಡವ್ತಾ ಕೇಳಿದ್ಲು, "ಏನೇ ಅಂದ ಆ ಕ್ಯಾಪ್ಟನ್ನು?"

ನೀವಾಗಿದ್ರೆ ಏನ್ ಹೇಳ್ತಿದ್ರಿ?