ಸಿಹಿನೀರಿನ ಹೊಲಿಗೆ

ದಡದಲ್ಲಿ ಮಗುಚಿ ಹಾಕಿದ್ದ ದೋಣಿಯ ಹೊಲಿಗೆಗೆ ಬಚ್ಚ ಮೊಗವೀರ ಬೆರಳಿಟ್ಟ. ಹುರಿ ನೆನೆದ ಅವಲಕ್ಕಿಯ ಹಾಗೆ ಕೈಗೆ ಬಂತು. ಒಂದೆಳೆ ಕಿತ್ತು ನಾಲಿಗೆಗೆ ಇಟ್ಟುಕೊಂಡ. ಹಳೆಯ ಹೊಲಿಗೆಯನ್ನು ಅವನ ಮನೆತನದವರು ಪರೀಕ್ಷೆ ಮಾಡುತ್ತಿದ್ದುದೇ ಹೀಗೆ. ಉಪ್ಪು ಹತ್ತಿದರೆ ಹುರಿಗೆ ಇನ್ನೂ ಆಯುಸ್ಸಿದೆ ಎಂದು ಅರ್ಥ. ಇದು ಸಪ್ಪೆಯಾಗಿತ್ತು.

ಅಣೆಕಟ್ಟಿನ ನೀರು ನಿಂತು ಹೊಸನಗರ ಸೀಮೆಯ ಈ ಊರಿಗೆ ಮೂರು ಕಡೆಯ ದಾರಿ ಮುಚ್ಚಿಹೋದಾಗ, ಊರಿನ ಮಾಸ್ತಪ್ಪ ದೋಣಿ ಕಟ್ಟಿಸಲೆಂದು ಘಟ್ಟ ಇಳಿದು ಕಡಲತೀರದ ಗಂಗೊಳ್ಳಿಯಿಂದ ಬಚ್ಚನನ್ನು ಕರೆತಂದಿದ್ದ. ಸಾಗರದ ಪೇಟೆಯಿಂದ ಒಂದು ಪೊಟ್ಟಣ ಮೊಳೆಯನ್ನೂ ತಂದಿಟ್ಟು, ಹಲಗೆ ಜೋಡಿಸಲು ಇವು ಬೇಕಾಗುತ್ತವೆಯೇ ಎಂದು ಕೇಳಿದ್ದ. ಬಚ್ಚ ನಕ್ಕುಬಿಟ್ಟಿದ್ದ. ಕಡಲಿಗೆ ಬಲೆ ಹೊತ್ತು ಹೋಗುವ ದೋಣಿಗಳನ್ನು ಅಜ್ಜನ ಕಾಲದಿಂದ ಹೊಲಿದುಕೊಂಡು ಬಂದ ಮನೆ ಅವನದು. ಮೊಳೆ ಹೊಡೆಯುವುದು ಕುರ್ಚಿಗೆ ಎಂದು ಗೇಲಿ ಮಾಡಿ, ತೆಂಗಿನ ನಾರಿನ ಹುರಿಯಲ್ಲಿ ಹಲಗೆ ಹಲಗೆಗೂ ಹೊಲಿಗೆ ಹಾಕಿ, ಇಪ್ಪತ್ತು ವರ್ಷಕ್ಕೆ ಮೋಸವಿಲ್ಲ ಎಂದು ಹೇಳಿ ಹೋಗಿದ್ದ. ಮಾಸ್ತಪ್ಪ ಪೊಟ್ಟಣವನ್ನು ಮತ್ತೆ ದಾರದಿಂದ ಬಿಗಿದು ಅಟ್ಟಕ್ಕೆ ಹಾಕಿದ್ದ.

ಎರಡನೇ ಮಳೆಗಾಲ, ಶ್ರಾವಣದ ಒಂದು ಬೆಳಿಗ್ಗೆ, ನಡುನೀರಿನಲ್ಲಿ ದೋಣಿ ಬಾಯಿಬಿಟ್ಟಿತು. ದೋಣಿ ನಡೆಸುತ್ತಿದ್ದ ಮಾಸ್ತಪ್ಪ ನೀರುಪಾಲಾದ. ಆಸ್ಪತ್ರೆಗೆಂದು ಅದರಲ್ಲಿ ಕೂತಿದ್ದ ನೆರೆಮನೆಯ ಪುಟ್ಟಪ್ಪನ ಹೆಂಡತಿ ಪುಷ್ಪಮ್ಮನೂ ಹೋದಳು. ಭಾರ ಜಾಸ್ತಿ ಹೇರಿದ್ದಕ್ಕೆ ಮುಳುಗಿತು ಎಂದು ಊರಿನವರು ತೀರ್ಮಾನಿಸಿದರು. ಪುಟ್ಟಪ್ಪ ಅಂದಿನಿಂದ ಮಾಸ್ತಪ್ಪನ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

ಇದನ್ನೆಲ್ಲ ಹೇಳಿದವಳು ಮಾಸ್ತಪ್ಪನ ಹೆಂಡತಿ ಗುತ್ಯಮ್ಮ. ದೋಣಿಯಿಲ್ಲದೆ ಹಿನ್ನೀರು ದಾಟುವಂತಿಲ್ಲ, ಮಳೆ ಬಿಟ್ಟ ಮೇಲೆ ದಡಕ್ಕೆ ಎಳೆದ ಇದನ್ನೇ ಹೊಲಿದು ಕೊಡಲಿ ಎಂದು ಬಚ್ಚನನ್ನು ಕರೆಸಿದ್ದವಳೂ ಅವಳೇ.

"ನಿಮ್ಮ ಹೊಲಿಗೇದು ತಪ್ಪಿಲ್ಲ ಬಚ್ಚಣ್ಣ," ಎಂದಳು ದೋಣಿಯ ಆಚೆ ಬದಿಯಿಂದ. "ಅವ್ರು ಬ್ಯಾಡ ಅಂದ್ರು. ಇನ್ನೊಂದು ಭತ್ತದ ಮೂಟೆ ಹೋಗ್ಲಿ ಅಂತ ನಾನೇ ಹಾಕ್ಸಿದ್ದು. ಇಬ್ರನ್ನೂ ಕೊಂದೋಳು ನಾನು. ಈ ಮಾತು ಯಾರ ಹತ್ರಾನೂ ಆಡಿಲ್ಲ."

ಬಚ್ಚ ಕೈಯಲ್ಲಿದ್ದ ಎಳೆಯನ್ನು ನೋಡಿದ. ಸುಮ್ಮನಿದ್ದಿದ್ದರೆ ಸಾಕಿತ್ತು. ಈ ಘಟ್ಟದ ಮೇಲೆ ಹುರಿ ನೆಕ್ಕಿ ನೋಡುವವರು ಯಾರೂ ಇರಲಿಲ್ಲ. ಅಜ್ಜನ ಹೆಸರು ಉಳಿಯುತ್ತಿತ್ತು. ಉಪ್ಪೇ ನಾರಿನ ಜೀವ, ಸಿಹಿನೀರಿನಲ್ಲಿ ಅದು ಕೊಳೆಯುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವನು ಕಂಡ ದೋಣಿಗಳೆಲ್ಲ ಕಡಲಿನವು, ಮಳೆಗಾಲವಿಡೀ ದಡದ ತೆಂಗಿನ ಮಡಲಿನ ಚಪ್ಪರದಲ್ಲಿ ಮಲಗುವಂಥವು. ನೀರಿನಲ್ಲಿ ಉಪ್ಪಿದೆಯೇ ಎಂದು ಕೇಳಿಕೊಳ್ಳುವ ಪ್ರಸಂಗವೇ ಅವನಿಗೆ ಬಂದಿರಲಿಲ್ಲ. ಆ ಸಲ ಇಲ್ಲಿ ಕೆಲಸ ಮಾಡಿದ ಹದಿನೈದು ದಿನವೂ ಬಾಯಾರಿದಾಗೆಲ್ಲ ಇದೇ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದಿದ್ದ.

"ಮೂಟೆ ಇಡ್ದೇ ಇದ್ರೂ ಮುಳುಗ್ತಿತ್ತಮ್ಮ," ಎಂದ. "ಸಿಹಿನೀರಿಗೆ ಹುರಿ ಕೊಳ್ತ್ ಹೋಯ್ತ್. ತಪ್ಪ್ ನಂದ್."

ಗುತ್ಯಮ್ಮ ದೋಣಿಯ ಅಂಚು ಹಿಡಿದು ಕೂತುಬಿಟ್ಟಳು. ಅವಳು ಬೈಯುತ್ತಾಳೆ ಎಂದು ಬಚ್ಚ ಕಾದ, ಶಪಿಸುತ್ತಾಳೆ ಎಂದು ಕಾದ. ಅವಳು, ಈ ಮಾತನ್ನು ಪುಟ್ಟಪ್ಪನ ಮುಂದೆ ಹೇಳುತ್ತೀರಾ ಎಂದಷ್ಟೇ ಕೇಳಿದಳು.

ಹೇಳಿದ. ಪುಟ್ಟಪ್ಪನ ಜಗಲಿಯ ಮುಂದೆ ನಿಂತು, ಕೊಳೆತ ಹುರಿಯನ್ನು ಅಂಗೈಯಲ್ಲಿಟ್ಟುಕೊಂಡು, ತಲೆಯೆತ್ತದೆ ಹೇಳಿದ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದ. ಪುಟ್ಟಪ್ಪ ಹೊಡೆಯಲಿಲ್ಲ. ಹುರಿಯನ್ನು ತೆಗೆದುಕೊಂಡು ಬೆರಳಲ್ಲಿ ಹಿಸುಕಿ ನೋಡಿದ.

"ಹೊಲಿಯೋವಾಗ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತ್. ನೆನ್ಪಾಗ್ಲಿಲ್ಲ."

ಪುಟ್ಟಪ್ಪ ಹುರಿಯನ್ನು ಹಿಂದಕ್ಕೆ ಕೊಟ್ಟ. ಬಚ್ಚ ಹಿಂತಿರುಗಿದಾಗ ದೂರದಿಂದಲೇ ಅವನ ಹಿಂದೆ ನಡೆದು ಬಂದು, ಗುತ್ಯಮ್ಮನ ಅಂಗಳದ ಆಚೆ ನಿಂತ.

ಬಚ್ಚ ಗಂಗೊಳ್ಳಿಯಿಂದ ಹೊತ್ತು ತಂದಿದ್ದ ಹೊಸ ಹುರಿಯ ಕಟ್ಟನ್ನು ಬದಿಗೆ ಸರಿಸಿ, ಅಂದು ಮಾಸ್ತಪ್ಪ ತಂದ ಮೊಳೆ ಇನ್ನೂ ಇದೆಯೇ ಎಂದು ಕೇಳಿದ. ಗುತ್ಯಮ್ಮ ಅಟ್ಟದಿಂದ ಪೊಟ್ಟಣ ಇಳಿಸಿ ತಂದುಕೊಟ್ಟಳು. ಗಂಡ ಬಿಗಿದ ದಾರ ಹಾಗೆಯೇ ಇತ್ತು. ನಲವತ್ತು ವರ್ಷ ಗಂಟು ಹಾಕಿಯೇ ಹೊಟ್ಟೆ ಹೊರೆದವನು ಬಚ್ಚ. ಆ ಗಂಟು ಅವನ ಕೈಗೆ ಬಿಚ್ಚಲು ಬರಲಿಲ್ಲ. ಪುಟ್ಟಪ್ಪ ಅಂಗಳ ದಾಟಿ ಬಂದು, ಪೊಟ್ಟಣ ತೆಗೆದುಕೊಂಡು, ಬಿಚ್ಚಿಕೊಟ್ಟ.