ಮೂರನೆಯ ಪ್ರಶ್ನೆ

ಹೆಂಡತಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಲಾರಿ ಚಾಲಕನಿಗೆ ಅನಿಸಿದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ತನ್ನದೊಂದನ್ನು ಕೊಡಲು ಅವನು ತುದಿಗಾಲಲ್ಲಿ ನಿಂತಿದ್ದ. ನರ್ಸ್ ಫಾರ್ಮ್ ಹಿಡಿದು ಅವಳಿಗೆ ಮೂರು ಪ್ರಶ್ನೆ ಕೇಳಿದಳು. ಹಿಂದೆ ರಕ್ತ ಹಾಕಿಸಿಕೊಂಡದ್ದುಂಟೇ? ಇಲ್ಲ. ಅಂಗ ಕಸಿ? ಇಲ್ಲ. ಬಸಿರು? ಅದಕ್ಕೆ ಅವನೇ ಬಾಯಿ ಹಾಕಿದ.

"ಆ ಭಾಗ್ಯ ನಮಗಿಲ್ಲ ಸಿಸ್ಟರ್. ಇಲ್ಲ ಅಂತ ಬರ್ಕೊಳ್ಳಿ."

"ಅದನ್ನ ಯಾಕೆ ಕೇಳ್ತೀರಿ?" ಎಂದು ಹೆಂಡತಿ ನರ್ಸನ್ನು ಕೇಳಿದಳು.

ಅವನು ಪರೀಕ್ಷೆಗೆ ರಕ್ತ ಕೊಟ್ಟು ಹಿಂದಿರುಗುವಷ್ಟರಲ್ಲಿ ನರ್ಸ್ ಅವಳಿಗೆ ಕಾರಣ ಹೇಳಿ ಹೋಗಿದ್ದಳು; ಅವಳ ಮುಖ ಬಿಳಿಚಿಕೊಂಡಿತ್ತು. "ಬೇಡ ರೀ. ನಿಮ್ಮದು ನನಗೆ ಒಗ್ಗಲ್ಲ," ಎಂದಳು. ಫಲಿತಾಂಶ ಬರಲು ಇನ್ನೂ ವಾರವಿತ್ತು.

ಹಳೆಯ ಸಿಟ್ಟೇ ಇರಬೇಕು ಎಂದುಕೊಂಡ. ಇಪ್ಪತ್ತು ವರ್ಷದ ಹಿಂದೆ ಜಗಳದಲ್ಲಿ 'ಬಂಜೆ' ಎಂದು ಅವಳ ಮುಖಕ್ಕೆ ಎಸೆದು ಲಾರಿ ಹತ್ತಿದ್ದ. ಬಂದದ್ದು ಏಳು ತಿಂಗಳ ಮೇಲೆ. ಬಂದಾಗ ಅವಳು ಅರ್ಧಕ್ಕೆ ಇಳಿದಿದ್ದಳು. ಜ್ವರ ಬಂದಿತ್ತು ಎಂದಿದ್ದಳು.

ಮನೆಯಲ್ಲಿ ಆಸ್ಪತ್ರೆಯ ಫೈಲು ಹುಡುಕುವಾಗ ಬೀರುವಿನ ತಳದಲ್ಲಿ ಅವನಿಗೆ ಮುಷ್ಟಿಯಷ್ಟೇ ಇದ್ದ ಉಣ್ಣೆಯ ಟೋಪಿ ಸಿಕ್ಕಿತು.

"ಯಾರಿಗೋ ಹೆಣೆದೆ. ಕೊಡೋಕೆ ಆಗಲಿಲ್ಲ," ಎಂದು ಅವನ ಕೈಯಿಂದ ತೆಗೆದುಕೊಂಡಳು.

"ಅವತ್ತಿನ ಮಾತು ಇನ್ನೂ ಮನಸ್ಸಲ್ಲಿದೆಯೇನೇ?"

"ಮನಸ್ಸು ಯಾವಾಗಲೋ ಮರೀತು. ಮೈ ಮರೀಬೇಕಲ್ಲ."

ಅವನಿಗೆ ಅಳು ಬಂತು. ಅವಳನ್ನು ಉಳಿಸಿಕೊಳ್ಳಲು ಅವನಿಗಿದ್ದ ದಾರಿ ತನ್ನ ಕಿಡ್ನಿಯೊಂದೇ. ಬೇರೆ ದಾನಿಗಾಗಿ ವರ್ಷಗಟ್ಟಲೆ ಕಾಯುವ ಶಕ್ತಿ ಅವಳಲ್ಲಿರಲಿಲ್ಲ.

ವಾರದ ನಂತರ ಡಾಕ್ಟರು ತಲೆಯಾಡಿಸಿದರು. "ಇವರ ರಕ್ತಕ್ಕೆ ನಿಮ್ಮ ರಕ್ತದ ಬಿಳಿಕಣ ಬೆರೆಸಿ ನೋಡಿದ್ವಿ. ಒಂದೂ ಉಳೀಲಿಲ್ಲ. ನಿಮ್ಮ ಕಿಡ್ನಿಗೂ ಅದೇ ಗತಿ."

"ಇವಳ ಮೈಗೆ ನನ್ನ ಮೇಲೆ ಅಷ್ಟು ಹಗೆಯಾ ಡಾಕ್ಟ್ರೇ?"

"ಹಗೆ ಅಲ್ಲ, ಗುರುತು. ನಿಮ್ಮ ಅಂಶ ಹಿಂದೊಮ್ಮೆ ಇವರ ಮೈಯೊಳಗಿತ್ತು. ಮೈ ಅದನ್ನ ಇನ್ನೂ ಮರೆತಿಲ್ಲ."

"ಒಂದು ತೊಟ್ಟು ರಕ್ತವನ್ನೂ ನಾನು ಇವಳಿಗೆ ಕೊಟ್ಟವನಲ್ಲ."

ಡಾಕ್ಟರು ಅವಳತ್ತ ನೋಡಿದರು. ಅವಳು ಗಂಡನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ನೀವು ಆ ಸಲ ಹೋದಾಗ ನಾನು ಬಸುರಿ ಅಂತ ನನಗೂ ಗೊತ್ತಿರಲಿಲ್ಲ ರೀ. ನೀವು ಬರೋಕೆ ಹದಿನೈದು ದಿನ ಮುಂಚೆ ಮಗು ಹೋಯ್ತು. ಟೋಪಿ ಹೆಣೆದು ಮುಗಿದಿತ್ತು."