ಐದು ಗೂಡು ಹಿಟ್ಟು

ರಿವಾಲ್ವರಿನ ಐದನೆಯ ಗೂಡಿಗೂ ಲೊವಿನಾ ಸಿಡಿಮದ್ದು ಹಾಕಲಿಲ್ಲ. ಬರೀ ಮೆಕ್ಕೆಜೋಳದ ಹಿಟ್ಟು ತುಂಬಿ, ಮೇಲೆ ಸೀಸದ ಗುಂಡು ಒತ್ತಿ, ಬಾಯಿಗೆ ಹಂದಿಕೊಬ್ಬು ಮೆತ್ತಿದಳು. ಆರನೆಯದು, ಕೈತಪ್ಪಿ ಸಿಡಿಯದಿರಲೆಂದು, ಎಂದಿನಂತೆ ಖಾಲಿ. ಕೆಂಟಕಿಯ ಆ ಕಣಿವೆಯಲ್ಲಿ ರಿವಾಲ್ವರ್ ತುಂಬುವುದು ಅಡುಗೆಮನೆಯ ಕೆಲಸ. ಮದ್ದಿನ ಮೇಲೆ ಉದುರಿಸುವ ಚಿಟಿಕೆ ಹಿಟ್ಟೂ ಕೊಬ್ಬೂ ಒಲೆಯ ಪಕ್ಕದಲ್ಲೇ ಇರುತ್ತವಲ್ಲ, ಗಂಡಸರು ಯಾಕೆ ಕೈ ಕೊಳೆ ಮಾಡಿಕೊಂಡಾರು!

“ಅಮ್ಮಾ, ಆಯ್ತಾ? ಮದ್ದು ಅಳತೆಗೆ ಸರಿಯಾಗಿ ಹಾಕಿದೀಯಲ್ಲ?” ಮಗ ಹೈರಮ್ ಬಾಗಿಲಲ್ಲೇ ಕುಣಿಯುತ್ತಿದ್ದ.

“ನಿಮ್ಮಪ್ಪನ ಕಾಲದಿಂದ ತುಂಬ್ತಿದೀನಿ, ನನಗೇ ಹೇಳಿಕೊಡ್ತೀಯಾ? ಒಂದು ಹಂದಿಗೋಸ್ಕರ ಯಾಕೋ ಇಷ್ಟೆಲ್ಲ?”

“ಹಂದಿ ಅಲ್ಲಮ್ಮ, ಮಾನ! ನಮ್ಮ ಹಂದಿ ಕಿವಿ ಕುಯ್ದು ತನ್ನ ಗುರುತು ಹಾಕ್ಕೊಂಡಿದಾನೆ ಆ ಹೊಳೆಯಾಚೆ ಮನೆ ಈಬನ್. ಹಳೇ ಗಿರಣಿ ಹತ್ರ ಬಾ, ನೋಡ್ಕೊಳ್ಳೋಣ ಅಂತ ಬೇರೆ ಹೇಳಿ ಕಳ್ಸಿದಾನೆ.”

ರಿವಾಲ್ವರ್ ಕಸಿದುಕೊಂಡು ಹೇಸರಗತ್ತೆ ಹತ್ತಿ ಹೊರಟೇಬಿಟ್ಟ. ಮಗ ಕೊಲೆಗಾರನಾಗುವುದು ತಪ್ಪಿತೆಂದು ಲೊವಿನಾ ಉಸಿರು ಬಿಟ್ಟಳು. ಆ ಉಸಿರು ಪೂರ್ತಿ ಹೊರಬರುವ ಮೊದಲೇ ಇನ್ನೊಂದು ಹೊಳೆಯಿತು. ಈಬನ್ನನ ಕೈಯಲ್ಲೂ ರಿವಾಲ್ವರ್ ಇರುತ್ತದಲ್ಲ! ಅಯ್ಯೋ ದೇವರೇ, ಮಗನನ್ನು ಬರಿಗೈಯಲ್ಲಿ ಸಾಯಲು ಕಳಿಸಿದೆನಲ್ಲ!

“ಹೈರಮ್!” ಎಂದು ಕೂಗುತ್ತ ಬೇಲಿಯವರೆಗೆ ಓಡಿದಳು. ಹೇಸರಗತ್ತೆ ಆಗಲೇ ತಿರುವು ದಾಟಿತ್ತು. ವಾಪಸು ಬಂದಳು, ಕೂತಳು, ಎದ್ದಳು, ಮತ್ತೆ ಬೇಲಿಗೆ ಹೋದಳು. ಒಲೆಯ ಮೇಲೆ ರೊಟ್ಟಿ ಸೀದುಹೋಯಿತು. ಮೈಯೆಲ್ಲ ಕಿವಿಯಾಗಿ ನಿಂತರೂ ಒಂದು ಗುಂಡಿನ ಸದ್ದೂ ಕೇಳಲಿಲ್ಲ. ಗಿರಣಿ ದೂರ, ಕೇಳದೆಯೂ ಇರಬಹುದು.

ಬಿಸಿಲೇರುವ ಹೊತ್ತಿಗೆ ಹೈರಮ್ ಬಂದು ರಿವಾಲ್ವರನ್ನು ಮೇಜಿನ ಮೇಲೆ ಎಸೆದ.

“ಐದಕ್ಕೆ ಐದೂ ಹುಸಿ! ಬರೀ ಕೇಪು ಚಟ್ ಅಂತು. ಏನು ತುಂಬಿದ್ಯಮ್ಮ?”

ಲೊವಿನಾ ಅವನ ಎದೆ, ಭುಜ, ಬೆನ್ನು ಎಲ್ಲ ತಡವಿ ನೋಡಿದಳು. “ಈಬನ್ ಹೊಡೀಲಿಲ್ವೇನೋ?”

“ಹೊಡೀದೆ ಬಿಟ್ಟಾನಾ? ಅವನದೂ ಚಟ್ ಚಟ್, ಅಷ್ಟೇ. ಕೊನೇಗೆ ಕಲ್ಲು ಎತ್ಕೊಂಡ. ನನಗೆ ನಗು ಬಂದ್ಬಿಡ್ತು, ನನ್ನ ನೋಡಿ ಅವನಿಗೂ. ಥೂ, ಮಾನ ಹರಾಜಾಯ್ತು!”

“ಅವನಿಗೆ ತುಂಬಿಕೊಡೋರು ಯಾರೋ?”

“ಇನ್ಯಾರು, ಅವರಮ್ಮ ಆರ್ಫಾ. ಯಾಕೆ?”

ಲೊವಿನಾ ಹೊರಗೆ ಬಂದಳು. ಎರಡು ವರ್ಷದ ಹಗೆಯಲ್ಲಿ ಆರ್ಫಾಳ ಮನೆಯ ಕಡೆ ತಲೆ ಎತ್ತಿಯೂ ನೋಡಿರಲಿಲ್ಲ. ಹೊಳೆಯಾಚೆಯ ಬೇಲಿ ಹಿಡಿದು ಒಬ್ಬ ಹೆಂಗಸು ಇತ್ತಲೇ ನೋಡುತ್ತ ನಿಂತಿದ್ದಳು. ಲೊವಿನಾ ಹಿಟ್ಟು ಮೆತ್ತಿದ ಕೈ ಮೇಲೆತ್ತಿದಳು. ಆಚೆಯ ಕೈಯೂ ಮೇಲೆದ್ದಿತು.